ಇಂಟರ್‌ಫಿಯರ್ ಅಂದ್ರೆ ಮೂಗೋ, ಅಡ್ಡಗಾಲೋ?

ಹೋದ ತಿಂಗಳು ಜಗಳೂರು ಕಡೆಯ ಹಳ್ಳಿಯಿಂದ ನಮ್ಮ ಸೋದರಮಾವ ದಾವಣಗೆರೆಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪೋಸ್ಟಿನಲ್ಲಿ ಬಂದ ವಕೀಲರ ನೋಟಿಸು, ಎರಡೂ ಹಾಳೆ ಇಂಗ್ಲಿಷು. ಪಕ್ಕದ ಹೊಲದವರು ಕಳಿಸಿದ್ದು. ಮಾವ ಎಸ್ಸೆಸ್ಸೆಲ್ಸಿವರೆಗೆ ಓದಿದವರು, ಅಕ್ಷರ ಕೂಡಿಸಿ ಓದಿಕೊಂಡೇ ಬಂದಿದ್ದರು. ಅವರ ಸಿಟ್ಟೆಲ್ಲ ಒಂದೇ ಪದದ ಮೇಲೆ.

“ಇಂಟರ್‌ಫಿಯರ್ ಅಂದ್ರೆ ಬೇರೆಯವ್ರ ವಿಷ್ಯಕ್ಕೆ ಮೂಗು ತೂರ್ಸೋದು ಅಲ್ವೇನೋ? ಮೂರ್ ಸರ್ತಿ ಬರ್ದಾರೆ ನೋಡು. ನಾನ್ಯಾವತ್ತು ಅವ್ರ ಮನೆ ವಿಷ್ಯಕ್ಕೆ ಹೋಗೀನಿ? ಅವ್ರ ಮಗಳ ಮದ್ವಿಗೆ ಸೈತ ಹೋಗಿಲ್ಲ!”

ಮಾವ ಹೇಳಿದ ಅರ್ಥ ತಪ್ಪಲ್ಲ. ಆದರೆ ನೋಟಿಸಿನಲ್ಲಿದ್ದ ಅರ್ಥ ಅದಲ್ಲ. ಅವರು ಮಾಡಿದ್ದು ಇಷ್ಟೆ: ಮೆಕ್ಕೆಜೋಳ ತರಲು ಪಕ್ಕದವರ ಬದುವಿನ ಮೇಲೆ ಟ್ರ್ಯಾಕ್ಟರ್ ಹೊಡೆದಿದ್ದರು. ಅದಕ್ಕೂ ಮೂಗಿಗೂ ಏನು ಸಂಬಂಧ ಎಂದು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಎರಡು ಲೋಟ ಚಹಾ ಆಯಿತು. ಈ ಪದ ಈಗ ಕೋರ್ಟು ಕಾಗದದಲ್ಲಿ, ಪೇಪರಿನ ತಲೆಬರಹದಲ್ಲಿ, ಆಫೀಸಿನ ಮೇಲ್‌ನಲ್ಲಿ, “ಇಂಟರ್‌ಫಿಯರ್ ಆಗ್ಬೇಡಮ್ಮ” ಎನ್ನುವ ಕಾಲೇಜು ಮಕ್ಕಳ ಬಾಯಲ್ಲಿ, ಎಲ್ಲ ಕಡೆ ಇರುವುದರಿಂದ ಅಂದು ಮಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇನೆ.

ಕುದುರೆಯ ಕಾಲಿನಿಂದ ಬಂದ ಪದ

ಇಂಟರ್‌ಫಿಯರ್ ಪದವನ್ನು ನೋಡಿದ ಕೂಡಲೇ ಟ್ರಾನ್ಸ್‌ಫರ್, ರೆಫರ್, ಪ್ರಿಫರ್‌ಗಳ ಅಣ್ಣತಮ್ಮ ಅನ್ನಿಸುತ್ತದೆ. ಅಲ್ಲ. ಅವುಗಳ ಮೂಲ ‘ಹೊರು’, ‘ಒಯ್ಯು’ ಎಂಬ ಅರ್ಥದ ಲ್ಯಾಟಿನ್ ಧಾತು. ಇಂಟರ್‌ಫಿಯರ್‌ನ ಬಾಲದಲ್ಲಿರುವುದು ‘ಹೊಡೆ’, ‘ಬಡಿ’ ಎಂಬ ಅರ್ಥದ ಬೇರೆಯೇ ಲ್ಯಾಟಿನ್ ಧಾತು, ‘ಫೆರೀರೆ’. ಹಳೆಯ ಫ್ರೆಂಚ್‌ನಲ್ಲಿ ಅದಕ್ಕೆ ‘ನಡುವೆ’ ಎಂಬ ಪದ ಸೇರಿ ‘ಒಬ್ಬರಿಗೊಬ್ಬರು ಬಡಿದುಕೊಳ್ಳು’ ಎಂದಾಯಿತು. 15ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂತು.

ಬಂದದ್ದು ಮನುಷ್ಯರ ಬಗ್ಗೆ ಮಾತಾಡಲಿಕ್ಕಲ್ಲ. ಕೆಲವು ಕುದುರೆಗಳು ನಡೆಯುವಾಗ ಒಂದು ಕಾಲಿನ ಗೊರಸು ಇನ್ನೊಂದು ಕಾಲಿನ ಒಳಮಗ್ಗುಲಿಗೆ ಬಡಿಯುತ್ತದೆ. ಗಾಯವಾಗುತ್ತದೆ, ನಡೆ ಕೆಡುತ್ತದೆ, ಕೆಲವೊಮ್ಮೆ ಕುದುರೆ ಮುಗ್ಗರಿಸುತ್ತದೆ. ಈ ದೋಷಕ್ಕೆ ಇಂಗ್ಲಿಷರು ಇಟ್ಟ ಹೆಸರು ಇಂಟರ್‌ಫಿಯರಿಂಗ್. ಕುದುರೆ ಸಾಕುವವರು, ಲಾಳ ಕಟ್ಟುವವರು ಈಗಲೂ ಹಾಗೇ ಅನ್ನುತ್ತಾರೆ. ಬೇರೆಯವರ ವಿಷಯಕ್ಕೆ ಹೋಗುವುದು ಎಂಬ ಅರ್ಥ ಸೇರಿದ್ದು ಆಮೇಲೆ, 17ನೇ ಶತಮಾನದಲ್ಲಿ. ಇನ್ನೊಂದು ತಮಾಷೆ: ಇಂದಿನ ಫ್ರೆಂಚರು ಈ ಪದವನ್ನು ಇಂಗ್ಲಿಷಿನಿಂದ ವಾಪಸು ತಗೊಂಡಿದ್ದಾರೆ. ತವರಿಗೆ ಬರುವಷ್ಟರಲ್ಲಿ ಮಗಳ ಗುರುತೇ ಸಿಗದಂತಾಗಿತ್ತೋ ಏನೋ.

ಕುದುರೆಯ ಕಥೆ ಕೇಳಿದ ಮೇಲೆ ನಮ್ಮಲ್ಲಿರುವ ಒಂದು ಮಾತು ನೆನಪಾಗಬೇಕು: ಅಡ್ಡಗಾಲು ಹಾಕುವುದು. ನಡೆಯುತ್ತಿರುವವನ ಕಾಲಿಗೆ ಕಾಲು ಕೊಡುವುದು. ಇಂಟರ್‌ಫಿಯರ್‌ಗೆ ಹುಟ್ಟಿನಿಂದ ಇರುವ ಅರ್ಥಕ್ಕೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತಿಲ್ಲ.

ಕನ್ನಡದಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ತಪ್ಪು

ಪೇಪರಿನವರು ಇಂಟರ್‌ಫಿಯರ್ ಕಂಡಲ್ಲೆಲ್ಲ ‘ಹಸ್ತಕ್ಷೇಪ’ ಎಂದು ಬರೆಯುತ್ತಾರೆ. ಹಸ್ತ ಎಂದರೆ ಕೈ, ಕ್ಷೇಪ ಎಂದರೆ ಎಸೆತ. ಆಕ್ಷೇಪ, ನಿಕ್ಷೇಪ, ಪ್ರಕ್ಷೇಪಗಳಲ್ಲಿರುವುದೂ ಇದೇ ಕ್ಷೇಪ. ಕೈ ಚಾಚಿ ಒಳಗೆ ಹಾಕುವುದು ಎಂದು ಚಿತ್ರ.

ಆದರೆ ಮನೆಯಲ್ಲಿ ಯಾರೂ “ನನ್ನ ಅಡುಗೆಯಲ್ಲಿ ಹಸ್ತಕ್ಷೇಪ ಮಾಡಬೇಡಿ ಅತ್ತೆ” ಅನ್ನುವುದಿಲ್ಲ. ಆಡುಮಾತಿನಲ್ಲಿ ಅಂಗ ಬದಲಾದಂತೆ ತಪ್ಪೂ ಬದಲಾಗುತ್ತದೆ. ಮೂಗು ತೂರಿಸುವವನಿಗೆ ಬೇಕಾಗಿರುವುದು ಸುದ್ದಿ. ಬಾಯಿ ಹಾಕುವವನು ಇಬ್ಬರ ಮಾತಿನ ನಡುವೆ ಮೂರನೆಯವನಾಗುತ್ತಾನೆ. ತಲೆ ಹಾಕುವವನು ಇಡೀ ವಿಷಯವನ್ನೇ ತನ್ನದು ಮಾಡಿಕೊಳ್ಳುತ್ತಾನೆ. “ಆ ಮನೆ ಕಡೆ ತಲೆನೂ ಹಾಕ್ಬೇಡ” ಎಂದರೆ ಮಾತ್ರ ಅರ್ಥ ಬೇರೆ. ಕೈ ಹಾಕುವವನು ಮಾತಿನಿಂದ ಕೆಲಸಕ್ಕೆ ಇಳಿದಿದ್ದಾನೆ. ಅಡ್ಡಗಾಲು ಹಾಕುವವನಿಗೆ ನಿಮ್ಮ ಸುದ್ದಿಯೂ ಬೇಡ, ನಿಮ್ಮ ಕೆಲಸ ನಿಂತರೆ ಸಾಕು.

ಇಷ್ಟನ್ನೂ ಇಂಗ್ಲಿಷ್ ಒಂದೇ ಕ್ರಿಯಾಪದದಲ್ಲಿ ತುಂಬಿದೆ. ಹಾಗಾದರೆ ಯಾವುದು ಯಾವಾಗ ಎಂದು ತಿಳಿಯುವುದು ಹೇಗೆ? ಅದಾದ ಮೇಲೆ ಬರುವ ಪುಟ್ಟ ಪದದಿಂದ.

‘ಇನ್’ ಬಂದರೆ ಮೂಗು, ‘ವಿಥ್’ ಬಂದರೆ ಅಡ್ಡಗಾಲು

ಒಂದು ಬೆಣ್ಣೆದೋಸೆ ಹೋಟೆಲ್ ಊಹಿಸಿಕೊಳ್ಳಿ. ಒಲೆಯ ಮೇಲೆ ಕಾವಲಿ, ಕಾವಲಿ ಮುಂದೆ ಭಟ್ಟರು. ಗಿರಾಕಿಯೊಬ್ಬ ಟೇಬಲ್ ಬಿಟ್ಟು ಎದ್ದು ಬಂದು “ಬೆಣ್ಣೆ ಈಗ ಹಾಕಬೇಡಿ, ಉರಿ ಇಳಿಸಿ, ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಕಡಿಮೆ” ಎಂದು ಶುರು ಮಾಡುತ್ತಾನೆ. ದೋಸೆಗೆ ಏನೂ ಆಗಿಲ್ಲ. ಭಟ್ಟರು ಕೇಳಿಸದವರಂತೆ ಹಾಕುತ್ತಲೇ ಇದ್ದಾರೆ. ಆದರೂ ಅವನು ಮಾಡಿದ್ದು ತನ್ನದಲ್ಲದ ವಿಷಯದ ಒಳಗೆ ಹೋದದ್ದು. ಇದು ‘ಇಂಟರ್‌ಫಿಯರ್ ಇನ್’. ‘ಇನ್’ ಎಂದರೆ ಒಳಗೆ. ಒಳಗೆ ಬಂದದ್ದೇ ಇಲ್ಲಿ ತಪ್ಪು.

ಈಗ ಅದೇ ಹೋಟೆಲಿನ ಬಾಗಿಲಿಗೆ ಅಡ್ಡವಾಗಿ ಯಾರೋ ಲಗೇಜ್ ಆಟೊ ನಿಲ್ಲಿಸಿ ಹೋಗಿದ್ದಾರೆ. ಆಟೊದವನಿಗೆ ದೋಸೆಯ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ, ಒಳಗೆ ತಲೆಯನ್ನೂ ಹಾಕಿಲ್ಲ. ಆದರೆ ಗಿರಾಕಿ ಬರುವುದು ನಿಂತಿದೆ. ಇದು ‘ಇಂಟರ್‌ಫಿಯರ್ ವಿಥ್’. ಇಲ್ಲಿ ತಪ್ಪು ಒಳಗೆ ಬಂದದ್ದಲ್ಲ, ನಡೆಯುತ್ತಿದ್ದುದು ನಡೆಯದಂತೆ ಆದದ್ದು.

ಹಾಗಾಗಿ ‘ಇನ್’ ಆದಮೇಲೆ ಸಾಮಾನ್ಯವಾಗಿ ಬರುವುದು ವಿಷಯಗಳು: ಮದುವೆ, ಜಗಳ, ಆಡಳಿತ, ಒಂದು ದೇಶದ ಆಂತರಿಕ ವ್ಯವಹಾರ. ‘ವಿಥ್’ ಆದಮೇಲೆ ಬರುವುದು ನಡೆಯುತ್ತಿರುವ ಕೆಲಸ ಅಥವಾ ಅನುಭವಿಸುತ್ತಿರುವ ಹಕ್ಕು: ನಿದ್ದೆ, ಓದು, ಸಂಚಾರ, ತನಿಖೆ, ಸ್ವಾಧೀನ. ಗೆರೆ ಕೊರೆದಷ್ಟು ಖಚಿತವಲ್ಲ, ಇಂಗ್ಲಿಷರೇ ಕೆಲವೊಮ್ಮೆ ದಾಟುತ್ತಾರೆ. ಆದರೂ ಸಾಮಾನ್ಯವಾಗಿ ಈ ಲೆಕ್ಕ ಕೈಕೊಡುವುದಿಲ್ಲ.

ಎರಡು ಪ್ರಸಿದ್ಧ ದಾಖಲೆಗಳಲ್ಲಿ ಇದನ್ನು ಪಕ್ಕಪಕ್ಕದಲ್ಲೇ ನೋಡಬಹುದು. 1954ರಲ್ಲಿ ಭಾರತ ಮತ್ತು ಚೀನಾ ಒಪ್ಪಿದ ಪಂಚಶೀಲದ ಮೂರನೇ ತತ್ವ, ಒಬ್ಬರ ಆಂತರಿಕ ವ್ಯವಹಾರಗಳಲ್ಲಿ ಇನ್ನೊಬ್ಬರು ತಲೆಹಾಕಬಾರದು ಎಂಬುದು. ಅಲ್ಲಿರುವುದು ‘ನಾನ್ ಇಂಟರ್‌ಫಿಯರೆನ್ಸ್ ಇನ್’. ಅದಕ್ಕೆ ಮೊದಲು, 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೇ ವಿಧಿ, ಯಾರ ಖಾಸಗಿತನ, ಕುಟುಂಬ, ಮನೆ, ಪತ್ರವ್ಯವಹಾರಕ್ಕೂ ಮನಸ್ಸಿಗೆ ಬಂದಂತೆ ಭಂಗ ತರಬಾರದು ಎನ್ನುತ್ತದೆ. ಅಲ್ಲಿರುವುದು ‘ಇಂಟರ್‌ಫಿಯರೆನ್ಸ್ ವಿಥ್’. ಮೊದಲನೆಯದು ವ್ಯವಹಾರ, ಎರಡನೆಯದು ಹಕ್ಕು. ಎರಡನ್ನೂ ‘ಹಸ್ತಕ್ಷೇಪ’ ಎಂದೇ ಅನುವಾದಿಸಿದರೆ ಈ ವ್ಯತ್ಯಾಸ ಕನ್ನಡದಲ್ಲಿ ಅಳಿಸಿಹೋಗುತ್ತದೆ.

ಫುಟ್‌ಬಾಲ್ ನೋಡುವವರಿಗೆ ಒಂದು ಮಾತು. ಆಫ್‌ಸೈಡ್ ಜಾಗದಲ್ಲಿ ಸುಮ್ಮನೆ ನಿಂತಿದ್ದರೆ ತಪ್ಪಲ್ಲ. ಆಟಕ್ಕೋ ಎದುರಾಳಿಗೋ ‘ಇಂಟರ್‌ಫಿಯರಿಂಗ್ ವಿಥ್’ ಆದರೆ, ಅಥವಾ ಅಲ್ಲಿ ನಿಂತದ್ದರ ಲಾಭ ಪಡೆದರೆ ಮಾತ್ರ ತಪ್ಪು. ಅಲ್ಲೂ ‘ವಿಥ್’ ಎಂಬುದನ್ನು ಗಮನಿಸಿ.

ಮಾವನ ನೋಟಿಸಿನಲ್ಲಿದ್ದದ್ದು

ನಮ್ಮ ದೇಶದ ಸಿವಿಲ್ ಕೋರ್ಟುಗಳಲ್ಲಿ ಜಮೀನಿನ ದಾವೆ ಎಂದರೆ ತಪ್ಪದೆ ಕಾಣುವ ಒಂದು ಸಾಲಿದೆ: ವಾದಿಯ ‘ಪೀಸ್‌ಫುಲ್ ಪೊಸೆಷನ್ ಅಂಡ್ ಎಂಜಾಯ್‌ಮೆಂಟ್’ಗೆ ಪ್ರತಿವಾದಿ ಇಂಟರ್‌ಫಿಯರ್ ಮಾಡದಂತೆ ತಡೆಯಬೇಕು. ಹಳ್ಳಿಯಲ್ಲಿ “ಇಂಜಂಕ್ಷನ್ ತಂದಾರೆ” ಎನ್ನುತ್ತಾರಲ್ಲ, ಅದು ಈ ಸಾಲಿನ ಮೇಲೆ ಸಿಗುವ ಆದೇಶ. ಕೇಸು ಮುಗಿಯುವವರೆಗಿನ ತಾತ್ಕಾಲಿಕ ತಡೆಯಾಜ್ಞೆಗೆ ಆಧಾರ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ. ತೀರ್ಪಿನ ಜೊತೆ ಬರುವ ಶಾಶ್ವತ ತಡೆಯಾಜ್ಞೆಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 38ನೇ ಕಲಂ.

ಈ ಸಾಲಿನಲ್ಲಿ ಎರಡು ಪದಗಳು ದಾರಿ ತಪ್ಪಿಸುತ್ತವೆ. ‘ಎಂಜಾಯ್‌ಮೆಂಟ್’ ಎಂದರೆ ಮೋಜಲ್ಲ. (ಮಾವ ಅದಕ್ಕೂ ರೇಗಿದ್ದರು: “ಹೊಲದಾಗೆ ಎಂಥಾ ಎಂಜಾಯ್‌ಮೆಂಟು? ಮಳೆ ಇಲ್ಲ, ಬೆಳೆ ಇಲ್ಲ!”) ಜಮೀನನ್ನು ಉತ್ತು, ಬಿತ್ತು, ಫಲ ತಿನ್ನುವುದು, ಅಂದರೆ ಅನುಭೋಗ. ಇಂಟರ್‌ಫಿಯರ್ ಎಂದರೆ ಆ ಅನುಭೋಗಕ್ಕೆ ತೊಡಕು ಮಾಡುವುದು. ಬೇಲಿ ಕೀಳುವುದು, ಬದು ಒತ್ತುವುದು, ದಾರಿ ಮಾಡಿಕೊಳ್ಳುವುದು, ಬಿತ್ತನೆಗೆ ಬಂದವರನ್ನು ತಡೆಯುವುದು ಎಲ್ಲ ಇದರಲ್ಲಿ ಬರುತ್ತದೆ. ಅವರ ಮನೆಯ ಮದುವೆಗೆ ಹೋಗುವುದು ಬಿಡುವುದು ಇದರಲ್ಲಿ ಬರುವುದಿಲ್ಲ.

ನಮ್ಮ ಹಳೆಯ ಕೋರ್ಟುಗನ್ನಡಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡದ ದಾವೆಪತ್ರಗಳಲ್ಲಿ ಇದೇ ಸಾಲು ‘ಶಾಂತಿಯುತ ಸ್ವಾಧೀನಾನುಭವಕ್ಕೆ ಅಡ್ಡಿ ಆತಂಕ ಮಾಡಬಾರದು’ ಎಂದು ಬರುತ್ತದೆ. ಹಸ್ತಕ್ಷೇಪವಲ್ಲ, ಅಡ್ಡಿ. ಯಾವ ಗುಮಾಸ್ತರು ಮೊದಲು ಹೀಗೆ ಬರೆದರೋ, ಅವರಿಗೆ ‘ವಿಥ್’ ಎಂದರೇನೆಂದು ಸರಿಯಾಗಿ ತಿಳಿದಿತ್ತು.

ಕಾನೂನಿನ ಬೇರೆ ಕಡೆಯೂ ಇದೇ ಅರ್ಥ. 1971ರ ನ್ಯಾಯಾಂಗ ನಿಂದನೆ ಕಾಯ್ದೆ, ನ್ಯಾಯಾಂಗದ ನಡವಳಿಯ ಓಟಕ್ಕೆ ಅಡ್ಡಿಯಾಗುವುದನ್ನು ಕ್ರಿಮಿನಲ್ ನಿಂದನೆಯ ಲೆಕ್ಕಕ್ಕೆ ಸೇರಿಸಿದೆ. ಬಳಸಿರುವ ಪದ ಇಂಟರ್‌ಫಿಯರ್. ಮತ ಹಾಕುವ ಹಕ್ಕಿನ ಸ್ವತಂತ್ರ ಬಳಕೆಗೆ ಅಡ್ಡಿ ಮಾಡುವ ‘ಅನುಚಿತ ಪ್ರಭಾವ’ದ ಅಪರಾಧಕ್ಕೂ ಇದೇ ಪದ.

ಇನ್ನು ಪೇಪರಿನ ತಲೆಬರಹ: “ಹಸ್ತಕ್ಷೇಪಕ್ಕೆ ಹೈಕೋರ್ಟ್ ನಕಾರ”. ಓದುಗರಿಗೆ ಇಲ್ಲೊಂದು ಗೊಂದಲ. ಹಸ್ತಕ್ಷೇಪ ಕೆಟ್ಟದ್ದಾದರೆ ಹೈಕೋರ್ಟ್ ಅದನ್ನು ಯಾಕೆ ಮಾಡಬೇಕು? ನಿರಾಕರಿಸಿದರೆ ಹೊಗಳಬೇಕೋ? ಇದು ವಕೀಲರ ವಲಯದ ಬಳಕೆ. ಕೆಳಗಿನ ಕೋರ್ಟಿನ ಆದೇಶ ಸರಿಯಾಗಿದೆ ಎಂದೇ ಇಟ್ಟುಕೊಂಡು ಮೇಲಿನ ಕೋರ್ಟು ಶುರು ಮಾಡುತ್ತದೆ. ಬಲವಾದ ಕಾರಣ ಸಿಕ್ಕರೆ ಮಾತ್ರ ಅದನ್ನು ಮುಟ್ಟುತ್ತದೆ. ‘ಇಂಟರ್‌ಫಿಯರ್ ಮಾಡುವುದಿಲ್ಲ’ ಎಂದರೆ ಆ ಆದೇಶ ಇದ್ದ ಹಾಗೇ ಇರಲಿ ಎಂದು, ಅಷ್ಟೇ. ಇಲ್ಲಿ ಬೈಗುಳವಿಲ್ಲ.

ಬೀದಿಯ ಉಸಾಬರಿ

ಕೋರ್ಟಿನಿಂದ ಬೀದಿಗೆ ಬಂದರೆ ಇಂಟರ್‌ಫಿಯರ್‌ನ ನೆಂಟರಿಷ್ಟರು ಸಿಗುತ್ತಾರೆ.

ಮೊದಲನೆಯದು ‘ಮೆಡ್ಲ್’. ಇದರ ಹಳೆಯ ಅರ್ಥ ಕಲಸುವುದು, ಬೆರೆಸುವುದು. ಈಜಿನ ಸ್ಪರ್ಧೆಯಲ್ಲಿ ನಾಲ್ಕು ಬಗೆಯ ಈಜು ಸೇರಿದ ‘ಮೆಡ್ಲಿ’ ಇದೆಯಲ್ಲ, ಅದೂ ಇದೇ ಬಳ್ಳಿಯದು. ಮಂಡಕ್ಕಿಗೆ ಈರುಳ್ಳಿ, ಖಾರ, ಪುಟಾಣಿ ಹಿಟ್ಟು ಬೆರೆಸುವ ಕೈಯನ್ನು ನೆನೆಸಿಕೊಳ್ಳಿ. ಅದು ಮೆಡ್ಲಿ. ಕರೆಯದವನೊಬ್ಬ ಬಂದು ಆ ಬುಟ್ಟಿಗೆ ತಾನೂ ಕೈ ಹಾಕಿ ಕಲಸತೊಡಗಿದರೆ ಮೆಡ್ಲಿಂಗ್. ಇಂಟರ್‌ಫಿಯರ್‌ಗಿಂತ ಇದರಲ್ಲಿ ಬೈಗುಳ ಹೆಚ್ಚು. ರೇಡಿಯೊ ಅಲೆ ಇಂಟರ್‌ಫಿಯರ್ ಮಾಡಬಹುದು, ಮೆಡ್ಲ್ ಮಾಡುವುದಕ್ಕೆ ಮನುಷ್ಯನೇ ಬೇಕು.

‘ನೋಸಿ’ ಎಂದರೆ ಮೂಗಿನವನು. ಇಂಗ್ಲಿಷರ ಮೂಗೂ ನಮ್ಮ ಮೂಗಿನ ಕೆಲಸವನ್ನೇ ಮಾಡುತ್ತದೆ ಎಂಬುದು ಸಮಾಧಾನದ ಸಂಗತಿ. ‘ಬಿಸಿಬಾಡಿ’ ಕೇಳಿದರೆ ನಮಗೆ ಜ್ವರ ಬಂದ ಮೈ ನೆನಪಾಗುತ್ತದೆ. ನಿಜವಾಗಿ ಅದು ಊರ ಉಸಾಬರಿಯಲ್ಲಿ ಸದಾ ‘ಬ್ಯುಸಿ’ ಇರುವವರು. ‘ಅಫಿಶಿಯಸ್’ ಪದಕ್ಕೂ ಸರ್ಕಾರಿ ಅಫಿಶಿಯಲ್‌ಗೂ ಅರ್ಥದಲ್ಲಿ ಸಂಬಂಧವಿಲ್ಲ. ಹಿಂದೆ ಅದು ಹೊಗಳಿಕೆ: ಕರೆಯುವ ಮೊದಲೇ ನೆರವಿಗೆ ಬರುವವನು. ಬರುಬರುತ್ತ, ಬೇಡವೆಂದರೂ ಬರುವವನು ಎಂದಾಯಿತು. ನಮ್ಮ ಅಧಿಕಪ್ರಸಂಗಿ ಇವನ ಖಾಸಾ ದಾಯಾದಿ. ಪ್ರಸಂಗಕ್ಕೆ ಎಷ್ಟು ಬೇಕೋ ಅದಕ್ಕಿಂತ ಅಧಿಕ.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಪದ ನಮ್ಮ ‘ಉಸಾಬರಿ’. “ಮನೆ ಉಸಾಬರಿ ಎಲ್ಲ ಅತ್ತಿಗೇನೇ ನೋಡ್ಕೊಳ್ತಾರೆ” ಎಂದರೆ ಮೆಚ್ಚುಗೆ. “ನಿನಗ್ಯಾಕಲೇ ಆ ಮನೆ ಉಸಾಬರಿ?” ಎಂದರೆ ಗದರಿಕೆ. ಪದ ಒಂದೇ, ಮಾಡುವ ಕೆಲಸವೂ ಒಂದೇ, ಮನೆ ಯಾರದು ಎಂಬುದಷ್ಟೇ ಬೇರೆ. ಇಂಗ್ಲಿಷಿನಲ್ಲಿ ಹೀಗೆ ಎರಡೂ ಕಡೆ ವಾಲುವ ಪದ ಹುಡುಕಿದೆ, ನನಗೆ ಸಿಕ್ಕಿಲ್ಲ.

‘ಇಂಟರ್‌ವೀನ್’ ಯಾಕೆ ಬೈಗುಳವಲ್ಲ

ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಬೋರ್ಡುಗಳಲ್ಲಿ ‘ಇಂಟರ್‌ವೆನ್ಷನಲ್ ಕಾರ್ಡಿಯಾಲಜಿಸ್ಟ್’ ಎಂದು ಓದಿರುತ್ತೀರಿ. ರಕ್ತನಾಳದೊಳಗೆ ತೆಳುವಾದ ನಳಿಕೆ ತೂರಿಸಿ ಅಡ್ಡಿ ಬಿಡಿಸುವ ಹೃದಯವೈದ್ಯರು. ಅದೇ ಜಾಗದಲ್ಲಿ ‘ಇಂಟರ್‌ಫಿಯರಿಂಗ್’ ಎಂದು ಬರೆದಿದ್ದರೆ ಒಬ್ಬ ರೋಗಿಯೂ ಮೆಟ್ಟಿಲು ಹತ್ತುತ್ತಿರಲಿಲ್ಲ.

ಇಂಟರ್‌ವೀನ್‌ನ ಮೂಲಾರ್ಥ ‘ನಡುವೆ ಬರು’. ಬಡಿಯುವುದಿಲ್ಲ, ಬರೀ ಬರುತ್ತದೆ. ಬಂದವರಿಗೆ ಬರುವ ಹಕ್ಕೋ ಕರ್ತವ್ಯವೋ ಇದೆ ಎಂಬ ಧ್ವನಿ ಅದರಲ್ಲಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಕೈಕೈ ಮಿಲಾಯಿಸಿದಾಗ ಪೊಲೀಸರು ಬಿಡಿಸಿದರೆ ಅದು ಇಂಟರ್‌ವೀನ್. ಕನ್ನಡದಲ್ಲಿ ‘ಮಧ್ಯಪ್ರವೇಶ’ ಇದಕ್ಕೆ ಹೊಂದುತ್ತದೆ. ಆದರೆ ಈ ಗೌರವ ಎಲ್ಲ ಕಡೆ ಸಿಗುವುದಿಲ್ಲ. ದೇಶದೇಶಗಳ ನಡುವೆ ಒಬ್ಬರು ಇಂಟರ್‌ವೆನ್ಷನ್ ಎಂದು ಕರೆದದ್ದನ್ನು ಇನ್ನೊಬ್ಬರು ಇಂಟರ್‌ಫಿಯರೆನ್ಸ್ ಎನ್ನುತ್ತಾರೆ, ಸುದ್ದಿಯಲ್ಲಿ ಯಾವ ಪದ ಬಂದಿದೆ ಎಂಬುದರಿಂದಲೇ ಬರೆದವರು ಎತ್ತ ಕಡೆ ಎಂದು ಹೇಳಿಬಿಡಬಹುದು.

ಮಿಕ್ಸಿ, ಕೆರೆ, ಸೋಪಿನ ಗುಳ್ಳೆ

ನನ್ನ ವಯಸ್ಸಿನವರಿಗೆ ನೆನಪಿರಬೇಕು. ಭಾನುವಾರ ದೂರದರ್ಶನ ನೋಡುತ್ತ ಕೂತಿರುವಾಗ ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದರೆ ಪರದೆ ತುಂಬ ಬಿಳಿ ಚುಕ್ಕೆ. ಮಿಕ್ಸಿಯ ಮೋಟಾರಿನೊಳಗೆ ಏಳುವ ಸಣ್ಣ ಕಿಡಿಗಳು ರೇಡಿಯೊ ಅಲೆಗಳನ್ನೂ ಎಬ್ಬಿಸುತ್ತವೆ; ಆ್ಯಂಟೆನಾಕ್ಕೆ ಬರುತ್ತಿದ್ದ ದುರ್ಬಲ ಅಲೆಯ ಜೊತೆ ಅವೂ ಸೇರಿಕೊಳ್ಳುತ್ತವೆ. ಇದು ಎಂಜಿನಿಯರುಗಳ ಇಂಟರ್‌ಫಿಯರೆನ್ಸ್. ಚಟ್ನಿಗೂ ಸಿನಿಮಾಕ್ಕೂ ದ್ವೇಷವಿಲ್ಲ. ಬರೀ ಅಡ್ಡಗಾಲು, ಉದ್ದೇಶವೇ ಇಲ್ಲದ ಅಡ್ಡಗಾಲು.

ಭೌತವಿಜ್ಞಾನದಲ್ಲಿ ಪದ ಇನ್ನೂ ದೂರ ಹೋಗಿದೆ. ಕುಂದವಾಡ ಕೆರೆಯ ದಡದಲ್ಲಿ ನಿಂತು ಎರಡು ಕಲ್ಲನ್ನು ಸ್ವಲ್ಪ ದೂರದೂರಕ್ಕೆ ಒಟ್ಟಿಗೆ ಎಸೆಯಿರಿ. ಎರಡು ಉಂಗುರಗಳು ಹರಡಿ ಒಂದರೊಳಗೊಂದು ಹಾಯುತ್ತವೆ. ಉಬ್ಬಿಗೆ ಉಬ್ಬು ಸೇರಿದ ಕಡೆ ನೀರು ಇನ್ನಷ್ಟು ಏಳುತ್ತದೆ, ಉಬ್ಬಿಗೆ ತಗ್ಗು ಸೇರಿದ ಕಡೆ ಸಪಾಟಾಗುತ್ತದೆ. ಬೆಳಕೂ ಹೀಗೇ ಮಾಡುತ್ತದೆ ಎಂದು 19ನೇ ಶತಮಾನದ ಆರಂಭದಲ್ಲಿ ತೋರಿಸಿದವರು ಇಂಗ್ಲೆಂಡಿನ ಥಾಮಸ್ ಯಂಗ್. ಸೋಪಿನ ಗುಳ್ಳೆಯ ಮೇಲಿನ ಬಣ್ಣ, ಮಳೆ ನಿಂತ ರಸ್ತೆಯಲ್ಲಿ ಚೆಲ್ಲಿದ ಆಯಿಲಿನ ಬಣ್ಣ ಬರುವುದು ಇದರಿಂದಲೇ. ವಿಚಿತ್ರ ಏನೆಂದರೆ ಇಲ್ಲಿ ಯಾರೂ ಯಾರನ್ನೂ ಕೆಡಿಸುವುದಿಲ್ಲ. ಒಂದನ್ನೊಂದು ದಾಟಿದ ಮೇಲೆ ಎರಡೂ ಅಲೆ ತಮ್ಮ ಪಾಡಿಗೆ ಮುಂದೆ ಹೋಗುತ್ತವೆ. ಕನ್ನಡದ ವಿಜ್ಞಾನ ಪುಸ್ತಕಗಳು ಇದನ್ನು ಹಸ್ತಕ್ಷೇಪ ಎನ್ನದೆ ‘ವ್ಯತೀಕರಣ’ ಎಂದು ಬೇರೆ ಹೆಸರಿಟ್ಟದ್ದು ಒಳ್ಳೆಯದೇ ಆಯಿತು.

ವೈದ್ಯದಲ್ಲಿ ‘ಇಂಟರ್‌ಫೆರಾನ್’ ಇದೆ. ವೈರಸ್ ಸೋಂಕಿಗೆ ಎದುರಾಗಿ ಜೀವಕೋಶಗಳೇ ಹೊರಬಿಡುವ ಪ್ರೋಟೀನು. 1957ರಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಹೆಸರಿಟ್ಟರು. ವೈರಸ್ ಬೆಳೆಯುವುದಕ್ಕೆ ಅದು ಅಡ್ಡಗಾಲು ಹಾಕುತ್ತದೆ, ಅದಕ್ಕೇ ಆ ಹೆಸರು.

ಬಳಸುವಾಗ ಎಡವುವ ಕಡೆ

“ಡೋಂಟ್ ಇಂಟರ್‌ಫಿಯರ್ ಮಿ” ಎಂಬುದು ನಮ್ಮ ಕಡೆ ಬಹಳ ಚಾಲ್ತಿಯಲ್ಲಿರುವ ಇಂಗ್ಲಿಷು. ‘ನನ್ನನ್ನು ತಡೆಯಬೇಡ’ ಎಂಬ ಕನ್ನಡದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಇಂಟರ್‌ಫಿಯರ್‌ಗೆ ನೇರವಾಗಿ ಕರ್ಮಪದ ಅಂಟುವುದಿಲ್ಲ. ನಡುವೆ ‘ಇನ್’ ಅಥವಾ ‘ವಿಥ್’ ಬೇಕೇ ಬೇಕು, ಇಲ್ಲದಿದ್ದರೆ “ಡೋಂಟ್ ಇಂಟರ್‌ಫಿಯರ್” ಎಂದು ಅಲ್ಲಿಗೇ ನಿಲ್ಲಿಸಬೇಕು.

ಮೀಟಿಂಗಿನಲ್ಲಿ ಯಾರೋ ಮಾತಾಡುತ್ತಿರುವಾಗ “ಸಾರಿ ಟು ಇಂಟರ್‌ಫಿಯರ್” ಎಂದು ಎದ್ದು ನಿಲ್ಲುವವರಿದ್ದಾರೆ. ಅವರಿಗೆ ಬೇಕಿರುವುದು ‘ಇಂಟರಪ್ಟ್’. ಅದರ ಮೂಲ ‘ಮುರಿ’, ಅಂದರೆ ಮಾತಿನ ಎಳೆ ಕಡಿಯುವುದು. ಇಂಟರ್‌ಫಿಯರ್ ಎಂದರೆ ನಾನು ಅಧಿಕಪ್ರಸಂಗ ಮಾಡುತ್ತಿದ್ದೇನೆ ಎಂದು ತಾನೇ ಒಪ್ಪಿಕೊಂಡಂತೆ.

ಇನ್ನೊಂದನ್ನು ಹೊರದೇಶಕ್ಕೆ ಹೋಗುವ ನರ್ಸುಗಳು, ಶಿಕ್ಷಕರು ತಿಳಿದಿರಬೇಕು. ಬ್ರಿಟನ್ನಿನ ಇಂಗ್ಲಿಷಿನಲ್ಲಿ, ಅದರಲ್ಲೂ ಹಳೆಯ ಪತ್ರಿಕೆಗಳಲ್ಲಿ, ಒಬ್ಬ ವ್ಯಕ್ತಿ ಒಂದು ಮಗುವಿನ ಜೊತೆ ‘ಇಂಟರ್‌ಫಿಯರ್ಡ್ ವಿಥ್’ ಎಂದರೆ ಲೈಂಗಿಕ ದೌರ್ಜನ್ಯ ಎಂದು ಅರ್ಥ. ಬಾಯಿಬಿಟ್ಟು ಹೇಳಲಾಗದ್ದಕ್ಕೆ ಹಾಕಿದ ಮುಸುಕು. ‘ವಿಥ್’ ಆದಮೇಲೆ ಕೆಲಸದ ಹೆಸರು ಬರಲಿ, ವ್ಯಕ್ತಿಯ ಹೆಸರು ಬೇಡ ಎಂದು ನೆನಪಿಟ್ಟುಕೊಂಡರೆ ಸಾಕು.

ಮಾವನ ಕಡೆಯ ವಕೀಲರು ಮರುವಾರ ಉತ್ತರ ಬರೆಸಿದರು. ಇಂಗ್ಲಿಷಿನಲ್ಲಿ ಬರೆದು ಮುಗಿಸಿದ ಮೇಲೆ ಮಾವ ಹೇಳಿದರಂತೆ: “ಸ್ವಾಮಿ, ಅಡ್ಡಗಾಲು ಹಾಕಿಲ್ಲ ಅಂತ ಬರ್ದೀರಲ್ಲ, ಸರಿ. ಮೂಗು ತೂರ್ಸಿಲ್ಲ ಅಂತಾನೂ ಒಂದ್ ಸಾಲು ಸೇರ್ಸಿಬಿಡ್ರಿ, ಎದ್ಕೂ ಇರ್ಲಿ.” ವಕೀಲರು ಸೇರಿಸಲಿಲ್ಲ.